ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಉಚಿತ ಸಿಐ: ಪದೇ ಪದೇ ಕೇಳುವ ಪ್ರಶ್ನೆಗಳು

ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುತ್ತಿರುವವರು ಮತ್ತು ಈಗಷ್ಟೇ ಶುರು ಮಾಡುತ್ತಿರುವವರು ಸಿಐ (ಕಂಟಿನ್ಯೂಯಸ್ ಇಂಟಿಗ್ರೇಶನ್, ಅಂದರೆ ಕೋಡ್ ಬದಲಾದಾಗಲೆಲ್ಲ ಅದನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಬಹುತೇಕರು ಗಿಟ್‌ಹಬ್‌ನದ್ದೇ ಸಿಐ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನಿಂದಲೇ ಶುರು ಮಾಡುವುದರಿಂದ ಹೆಚ್ಚಿನ ಉದಾಹರಣೆಗಳು ಅದರವೇ. ಬೇರೆ ಸೇವೆ ಬಳಸುವವರಿಗೆ ಹೆಸರುಗಳು ಬದಲಾಗುತ್ತವೆ, ತೊಡಕುಗಳು ಮಾತ್ರ ಹೆಚ್ಚುಕಡಿಮೆ ಅವೇ.

ಸಿಐ ನಿಜಕ್ಕೂ ಏನು ಮಾಡುತ್ತದೆ?

ಯಾರಾದರೂ ಕೋಡ್ ಪುಶ್ ಮಾಡಿದಾಗ ಅಥವಾ ಪುಲ್ ರಿಕ್ವೆಸ್ಟ್ (ತಮ್ಮ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆದಾಗ ಎಲ್ಲೋ ಒಂದು ಹೊಸ ವರ್ಚುವಲ್ ಯಂತ್ರ ಶುರುವಾಗುತ್ತದೆ. ಅದು ನಿಮ್ಮ ರೆಪೊ (ಕೋಡ್ ಇರುವ ಭಂಡಾರ) ಇಳಿಸಿಕೊಂಡು, ನೀವು ಬರೆದಿಟ್ಟ ಕಮಾಂಡ್‌ಗಳನ್ನು ಒಂದೊಂದಾಗಿ ಓಡಿಸುತ್ತದೆ. ಎಲ್ಲವೂ ಗೆದ್ದರೆ ಹಸಿರು ಗುರುತು, ಒಂದು ಸೋತರೂ ಕೆಂಪು. ಕೆಲಸ ಮುಗಿದ ಮೇಲೆ ಆ ಯಂತ್ರವನ್ನು ಅಳಿಸಿಹಾಕುತ್ತಾರೆ.

ಗೆದ್ದಿತೋ ಸೋತಿತೋ ಎಂದು ಅದು ತಿಳಿದುಕೊಳ್ಳುವುದು ಕಮಾಂಡ್ ಮುಗಿದಾಗ ಕೊಡುವ ಎಕ್ಸಿಟ್ ಕೋಡ್‌ನಿಂದ. ಸೊನ್ನೆ ಬಂದರೆ ಗೆಲುವು, ಬೇರೆ ಏನೇ ಬಂದರೂ ಸೋಲು. ಪರದೆಯ ಮೇಲೆ ಎಷ್ಟು ದೋಷದ ಸಾಲು ಬಂದವು ಎಂದು ಅದು ನೋಡುವುದೇ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನದು ಒಬ್ಬನೇ ನಡೆಸುವ ಸಣ್ಣ ಪ್ರಾಜೆಕ್ಟ್. ನನಗೂ ಬೇಕೇ?

ಬೇಕು. ಒಬ್ಬರೇ ಇದ್ದಾಗಲೇ ಹೆಚ್ಚು ಬೇಕು ಎಂದು ನನ್ನ ಅಭಿಪ್ರಾಯ. ಮೂರು ತಿಂಗಳು ಪ್ರಾಜೆಕ್ಟ್ ಕಡೆ ತಿರುಗಿ ನೋಡದೆ ಇದ್ದಾಗ ಅಪರಿಚಿತರೊಬ್ಬರು ಪುಲ್ ರಿಕ್ವೆಸ್ಟ್ ಕಳಿಸುತ್ತಾರೆ. ಸಿಐ ಇಲ್ಲದಿದ್ದರೆ ನೀವು ಅವರ ಬ್ರಾಂಚ್ ಇಳಿಸಿಕೊಂಡು, ಹಳೆಯ ಡಿಪೆಂಡೆನ್ಸಿಗಳನ್ನೆಲ್ಲ (ಪ್ರಾಜೆಕ್ಟ್ ಅವಲಂಬಿಸಿರುವ ಪ್ಯಾಕೇಜುಗಳು) ಮತ್ತೆ ಹಾಕಿಕೊಂಡು, ಕೈಯಾರೆ ಪರೀಕ್ಷಿಸಬೇಕು. ಅಷ್ಟು ಪುರುಸೊತ್ತು ಸಿಗದೆ ಆ ಪುಲ್ ರಿಕ್ವೆಸ್ಟ್ ಹಾಗೇ ಕೂತಿರುತ್ತದೆ, ಕಳಿಸಿದವರು ಮತ್ತೆ ಬರುವುದಿಲ್ಲ. ಸಿಐ ಇದ್ದರೆ ಕೆಲವೇ ನಿಮಿಷಗಳಲ್ಲಿ ಅವರಿಗೆ ಮೊದಲ ಉತ್ತರ ಸಿಗುತ್ತದೆ. ನೀವು ಮಲಗಿದ್ದರೂ ಸರಿ.

ಟೆಸ್ಟ್‌ಗಳೇ ಬರೆದಿಲ್ಲ. ಮೊದಲು ಅದನ್ನು ಮುಗಿಸಬೇಕೇ?

ಬೇಡ. ಪ್ರಾಜೆಕ್ಟ್ ಬಿಲ್ಡ್ ಆಗುತ್ತದೆಯೇ ಎಂಬ ಒಂದೇ ಪರೀಕ್ಷೆಯಿಂದ ಶುರು ಮಾಡಿ. ಖಾಲಿ ಯಂತ್ರದ ಮೇಲೆ, ರೀಡ್‌ಮಿಯಲ್ಲಿ ಬರೆದ ಕ್ರಮದಲ್ಲೇ ಇನ್‌ಸ್ಟಾಲ್ ಆಗಿ, ಪ್ರೋಗ್ರಾಂ ತನ್ನ ವರ್ಷನ್ ಸಂಖ್ಯೆ ತೋರಿಸಿದರೆ ಅದೇ ಮೊದಲ ಟೆಸ್ಟ್. ರೀಡ್‌ಮಿಯಲ್ಲಿ ಬಿಟ್ಟುಹೋದ ಹೆಜ್ಜೆಗಳು ಹೊರಬರುವುದು ಇಲ್ಲಿಯೇ.

ನಿಜವಾಗಿಯೂ ಉಚಿತವೇ? ಎಲ್ಲಿಯವರೆಗೆ?

ಗಿಟ್‌ಹಬ್‌ನಲ್ಲಿ ಪಬ್ಲಿಕ್ ರೆಪೊಗಳಿಗೆ, ಅವರ ಸಾಮಾನ್ಯ ರನ್ನರ್ (ಸಿಐ ಓಡುವ ಯಂತ್ರ) ಬಳಸಿದರೆ, ನಿಮಿಷಗಳ ಲೆಕ್ಕವಿಲ್ಲ. ಪ್ರೈವೇಟ್ ರೆಪೊಗಳಿಗೆ ಉಚಿತ ಖಾತೆಯಲ್ಲಿ ತಿಂಗಳಿಗೆ 2,000 ನಿಮಿಷ. ಪಬ್ಲಿಕ್ ರೆಪೊಗೆ ಸಿಗುವ ಲಿನಕ್ಸ್ ಯಂತ್ರದಲ್ಲಿ 4 ಕೋರ್, 16 ಜಿಬಿ ಮೆಮೊರಿ ಇರುತ್ತದೆ. ಒಂದು ಜಾಬ್ (ಒಂದು ಯಂತ್ರದ ಮೇಲೆ ಓಡುವ ಕೆಲಸ) 6 ಗಂಟೆ ಮೀರುವಂತಿಲ್ಲ, ಉಚಿತ ಖಾತೆಯಲ್ಲಿ ಏಕಕಾಲಕ್ಕೆ 20 ಜಾಬ್‌ಗಳು, ಅವುಗಳಲ್ಲಿ ಮ್ಯಾಕ್ ಯಂತ್ರಗಳು 5 ಮಾತ್ರ. ಸಾಮಾನ್ಯ ಪ್ರಾಜೆಕ್ಟಿಗೆ ಇದು ಧಾರಾಳ. ‘ಲಾರ್ಜರ್ ರನ್ನರ್’ ಎಂಬ ದೊಡ್ಡ ಯಂತ್ರಗಳಿಗೆ ಮಾತ್ರ ಪಬ್ಲಿಕ್ ರೆಪೊ ಆದರೂ ದುಡ್ಡು ಕೊಡಬೇಕು.

ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಚರಿತ್ರೆ ನೋಡುವುದು ಒಳ್ಳೆಯದು. 2011ರಲ್ಲಿ ಶುರುವಾದ ಟ್ರಾವಿಸ್ ಸಿಐ ಓಪನ್ ಸೋರ್ಸ್‌ಗೆ ಉಚಿತ ಸಿಐ ಎಂಬ ಪದ್ಧತಿಯನ್ನೇ ರೂಢಿಗೆ ತಂದಿತು. ವರ್ಷಗಟ್ಟಲೆ ಬಹುಪಾಲು ಪ್ರಾಜೆಕ್ಟುಗಳ ರೀಡ್‌ಮಿಯಲ್ಲಿ ಅದರದ್ದೇ ಬ್ಯಾಡ್ಜ್ (ಸಿಐ ಹಸಿರೋ ಕೆಂಪೋ ಎಂದು ತೋರಿಸುವ ಪುಟ್ಟ ಚಿತ್ರ) ಇರುತ್ತಿತ್ತು. 2019ರ ಜನವರಿಯಲ್ಲಿ ಕಂಪನಿ ಕೈ ಬದಲಾಯಿತು. 2020ರ ನವೆಂಬರ್‌ನಲ್ಲಿ ಬಳಕೆಗೆ ಮಿತಿ ಹಾಕುವ ಕ್ರೆಡಿಟ್ ಲೆಕ್ಕ ಬಂತು. 2021ರ ಜೂನ್‌ನಲ್ಲಿ ಓಪನ್ ಸೋರ್ಸ್‌ಗೆಂದೇ ಇದ್ದ ತಾಣ ಮುಚ್ಚಿತು. ಸಾವಿರಾರು ಪ್ರಾಜೆಕ್ಟುಗಳು ತರಾತುರಿಯಲ್ಲಿ ಗಂಟುಮೂಟೆ ಕಟ್ಟಬೇಕಾಯಿತು.

ಇದಕ್ಕೆ ಕಂಪನಿಯೊಂದನ್ನೇ ದೂರಿದರೆ ಅನ್ಯಾಯವಾದೀತು. ಆ ಹೊತ್ತಿಗೆ ಕ್ರಿಪ್ಟೊ ನಾಣ್ಯ ಗಣಿಗಾರಿಕೆಯವರು ಉಚಿತ ಸಿಐ ಯಂತ್ರಗಳ ಮೇಲೆ ಮುಗಿಬಿದ್ದಿದ್ದರು. 2021ರ ಏಪ್ರಿಲ್‌ನಲ್ಲಿ ಗಿಟ್‌ಹಬ್, ಮೊದಲ ಬಾರಿ ಕೊಡುಗೆ ನೀಡುವವರ ಪುಲ್ ರಿಕ್ವೆಸ್ಟ್ ಮೇಲೆ ಸಿಐ ಓಡಲು ಮೇಂಟೈನರ್ ಒಪ್ಪಿಗೆ ಬೇಕು ಎಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಗಿಟ್‌ಲ್ಯಾಬ್ ಹೊಸ ಉಚಿತ ಬಳಕೆದಾರರಿಂದ ಕಾರ್ಡ್ ಪರಿಶೀಲನೆ ಕೇಳತೊಡಗಿತು. ಇನ್ನೊಬ್ಬರ ಯಂತ್ರದ ಮೇಲೆ ನಡೆಯುವ ಉಚಿತ ಸೌಕರ್ಯಕ್ಕೆ ಯಾವಾಗ ಬೇಕಾದರೂ ಷರತ್ತು ಬೀಳಬಹುದು. ಹಾಗಾಗಿ ಸೇವೆ ಯಾವುದನ್ನೇ ಆರಿಸಿ, ಬೇಕೆಂದಾಗ ಬಿಟ್ಟು ಹೋಗುವಂತೆ ಕಟ್ಟಿಕೊಳ್ಳಿ. ಈ ಪುಟದ ಉಳಿದ ಉತ್ತರಗಳಲ್ಲಿ ಹಲವು ಇದೇ ದೃಷ್ಟಿಯಿಂದ ಬರೆದವು.

ಯಾವ ಸೇವೆ ಆರಿಸಲಿ?

ಕೋಡ್ ಎಲ್ಲಿದೆಯೋ ಅಲ್ಲಿಯ ಸಿಐ. ಗಿಟ್‌ಹಬ್‌ನಲ್ಲಿದ್ದರೆ ಆಕ್ಷನ್ಸ್. ಗಿಟ್‌ಲ್ಯಾಬ್‌ನಲ್ಲಿದ್ದರೆ ಅದರದ್ದೇ ಸಿಐ, ಅಲ್ಲಿ ಉಚಿತ ಖಾತೆಗೆ ತಿಂಗಳಿಗೆ 400 ನಿಮಿಷ, ಸಾಲದಿದ್ದರೆ ಓಪನ್ ಸೋರ್ಸ್ ಪ್ರಾಜೆಕ್ಟುಗಳಿಗೆಂದು ಅವರದೊಂದು ಪ್ರತ್ಯೇಕ ಯೋಜನೆ ಇದೆ, ಅರ್ಜಿ ಹಾಕಬೇಕು. ಬರ್ಲಿನ್‌ನ ಲಾಭರಹಿತ ಸಂಘ ನಡೆಸುವ ಕೋಡ್‌ಬರ್ಗ್‌ನಲ್ಲಿದ್ದರೆ ವುಡ್‌ಪೆಕರ್ ಎಂಬ ಸಿಐ ಇದೆ, ಅದಕ್ಕೂ ಮೊದಲು ಕೋರಿಕೆ ಸಲ್ಲಿಸಬೇಕು. ಕೋಡ್ ಒಂದು ಕಡೆ, ಸಿಐ ಇನ್ನೊಂದು ಕಡೆ ಇಟ್ಟರೆ ಎರಡರ ನಡುವಿನ ಅನುಮತಿಗಳನ್ನು ನೋಡಿಕೊಳ್ಳುವುದೇ ಒಂದು ಕೆಲಸವಾಗುತ್ತದೆ. ತೀರಾ ಬೇರೆ ಯಂತ್ರ ಬೇಕಾದಾಗ ಮಾತ್ರ ಆ ದಾರಿ ಹಿಡಿಯಿರಿ.

ಮೊದಲ ಫೈಲಿನಲ್ಲಿ ಏನಿರಬೇಕು?

ರೆಪೊದ ಮೂಲದಲ್ಲಿ ಡಾಟ್‌ನಿಂದ ಶುರುವಾಗುವ ‘ಗಿಟ್‌ಹಬ್’ ಎಂಬ ಫೋಲ್ಡರ್, ಅದರೊಳಗೆ ‘ವರ್ಕ್‌ಫ್ಲೋಸ್’ ಎಂಬ ಫೋಲ್ಡರ್, ಅದರಲ್ಲಿ ಒಂದು ಯಾಮಲ್ ಫೈಲ್ (ಯಾಮಲ್ ಎಂದರೆ ಸೆಟ್ಟಿಂಗ್‌ಗಳನ್ನು ಬರೆಯುವ ಒಂದು ಪಠ್ಯ ರೂಪ). ಈ ಫೈಲಿನಲ್ಲಿ ಬರೆದದ್ದನ್ನೇ ವರ್ಕ್‌ಫ್ಲೋ ಎನ್ನುತ್ತಾರೆ. ಫೋಲ್ಡರ್ ಹೆಸರು ಒಂದಕ್ಷರ ತಪ್ಪಿದರೂ ಏನೂ ಆಗುವುದಿಲ್ಲ, ದೋಷವೂ ಕಾಣುವುದಿಲ್ಲ. ‘ಪುಶ್ ಮಾಡಿದೆ, ಏನೂ ಓಡಲಿಲ್ಲ’ ಎನ್ನುವವರು ಮೊದಲು ಇದನ್ನೇ ನೋಡಬೇಕು.

ಫೈಲಿನಲ್ಲಿ ನಾಲ್ಕು ವಿಷಯ ಬರೆಯಿರಿ. ಯಾವಾಗ ಓಡಬೇಕು: ಮುಖ್ಯ ಬ್ರಾಂಚಿಗೆ ಪುಶ್ ಆದಾಗ ಮತ್ತು ಪುಲ್ ರಿಕ್ವೆಸ್ಟ್ ಬಂದಾಗ. ಟೋಕನ್‌ಗೆ (ರೆಪೊ ಮುಟ್ಟಲು ಸಿಐಗೆ ಸಿಗುವ ಕೀಲಿ) ಯಾವ ಅನುಮತಿ: ಕೋಡ್ ಓದುವುದು ಮಾತ್ರ. ಯಾವ ಯಂತ್ರ: ಉಬುಂಟುವಿನ ಒಂದು ನಿರ್ದಿಷ್ಟ ಆವೃತ್ತಿ, ಉದಾಹರಣೆಗೆ 24.04. ಏನು ಓಡಿಸಬೇಕು: ಕೋಡ್ ಚೆಕೌಟ್, ಭಾಷೆಯ ಸೆಟಪ್, ನಂತರ ನಿಮ್ಮ ಟೆಸ್ಟ್ ಸ್ಕ್ರಿಪ್ಟ್. ಜಾಬ್‌ಗೆ 15 ನಿಮಿಷದ ಮಿತಿಯನ್ನೂ ಹಾಕಿಬಿಡಿ, ಇಲ್ಲವಾದರೆ ಎಲ್ಲೋ ಸಿಕ್ಕಿಕೊಂಡ ಟೆಸ್ಟ್ 6 ಗಂಟೆ ಯಂತ್ರ ಹಿಡಿದು ಕೂರುತ್ತದೆ.

ಆ ಕೊನೆಯ ‘ನಿಮ್ಮ ಟೆಸ್ಟ್ ಸ್ಕ್ರಿಪ್ಟ್’ ಎಂಬುದಕ್ಕೆ ಒತ್ತು ಕೊಟ್ಟು ಹೇಳುತ್ತೇನೆ. ಲಿಂಟ್ (ಕೋಡ್ ಶೈಲಿಯ ತಪಾಸಣೆ), ಬಿಲ್ಡ್, ಟೆಸ್ಟ್ ಎಲ್ಲದರ ಕಮಾಂಡ್‌ಗಳನ್ನು ಯಾಮಲ್‌ನಲ್ಲಿ ಬರೆಯಬೇಡಿ. ರೆಪೊದಲ್ಲೇ ಒಂದು ಮೇಕ್‌ಫೈಲ್ ಅಥವಾ ಶೆಲ್ ಸ್ಕ್ರಿಪ್ಟ್ ಇಟ್ಟು, ಯಾಮಲ್ ಅದನ್ನು ಕರೆಯುವಂತೆ ಮಾಡಿ. ಆಗ ಸಿಐ ಓಡಿಸುವುದನ್ನೇ ಕೊಡುಗೆದಾರರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದೇ ಕಮಾಂಡ್‌ನಿಂದ ಓಡಿಸಬಹುದು. ಸೇವೆ ಬದಲಿಸುವ ದಿನ ಬಂದರೆ ಬದಲಾಗುವುದು ಹತ್ತಿಪ್ಪತ್ತು ಸಾಲು ಮಾತ್ರ.

ಎಲ್ಲ ಹಸಿರಾದ ಮೇಲೆ ಇನ್ನೊಂದು ಕೆಲಸ ಬಾಕಿ ಇದೆ. ಬೇಕೆಂದೇ ಒಂದು ಟೆಸ್ಟ್ ಮುರಿದು ಪುಶ್ ಮಾಡಿ ನೋಡಿ. ಕೆಂಪಾಗದಿದ್ದರೆ ಆ ಹಸಿರಿಗೆ ಬೆಲೆಯಿಲ್ಲ.

ಟೆಸ್ಟ್ ಸೋತಿರುವುದು ಲಾಗ್‌ನಲ್ಲಿ ಕಾಣುತ್ತಿದೆ, ಆದರೂ ಹಸಿರು ತೋರಿಸುತ್ತದೆ. ಏಕೆ?

ಎಕ್ಸಿಟ್ ಕೋಡ್ ಎಲ್ಲೋ ಕಳೆದುಹೋಗಿದೆ. ಸಾಮಾನ್ಯ ಕಾರಣ ಪೈಪ್, ಅಂದರೆ ಒಂದು ಕಮಾಂಡ್ ಕೊಟ್ಟದ್ದನ್ನು ಇನ್ನೊಂದಕ್ಕೆ ಹರಿಸುವುದು. ಟೆಸ್ಟ್ ಕಮಾಂಡ್‌ನ ಫಲಿತಾಂಶವನ್ನು ‘ಟೀ’ ಕಮಾಂಡ್‌ಗೆ ಪೈಪ್ ಮಾಡಿ ಲಾಗ್ ಫೈಲಿಗೆ ಬರೆಯುತ್ತೀರಿ ಅಂದುಕೊಳ್ಳಿ. ಟೆಸ್ಟ್ ಸೋಲುತ್ತದೆ, ಟೀ ಗೆಲ್ಲುತ್ತದೆ. ಪೈಪ್‌ನ ಕೊನೆಯ ಕಮಾಂಡ್ ಏನು ಹೇಳಿತೋ ಅದನ್ನೇ ಶೆಲ್ ಒಪ್ಪುತ್ತದೆ.

ಆಕ್ಷನ್ಸ್‌ನಲ್ಲಿ ಒಂದು ಸೂಕ್ಷ್ಮವಿದೆ. ಲಿನಕ್ಸ್‌ನಲ್ಲಿ ಶೆಲ್ ಯಾವುದೆಂದು ನೀವು ಹೇಳದಿದ್ದರೆ ಬ್ಯಾಶ್ ಓಡುತ್ತದೆ, ಆದರೆ ಪೈಪ್‌ನ ಯಾವ ಕಮಾಂಡ್ ಸೋತರೂ ಸೋಲೆಂದೇ ಎಣಿಸುವ ‘ಪೈಪ್‌ಫೇಲ್’ ಆಯ್ಕೆ ಇರುವುದಿಲ್ಲ. ಶೆಲ್ ಬ್ಯಾಶ್ ಎಂದು ನೀವೇ ಸ್ಪಷ್ಟವಾಗಿ ಬರೆದರೆ ಪೈಪ್‌ಫೇಲ್ ಸೇರಿಕೊಳ್ಳುತ್ತದೆ. ಒಂದೇ ಸಾಲಿನ ವ್ಯತ್ಯಾಸ. ನಿಮ್ಮದೇ ಸ್ಕ್ರಿಪ್ಟ್ ಇದ್ದರೆ ಅದರ ಮೊದಲ ಸಾಲುಗಳಲ್ಲೇ ಪೈಪ್‌ಫೇಲ್ ಹಾಕಿಡಿ, ಸೇವೆ ಯಾವುದಾದರೂ ಅದು ಜೊತೆಗೇ ಇರುತ್ತದೆ.

ಪೈಥಾನ್ 3.10 ಕೇಳಿದರೆ 3.1 ಸಿಗುವುದಿಲ್ಲ ಎನ್ನುತ್ತದೆ!

ಯಾಮಲ್ ಅದನ್ನು ದಶಮಾಂಶ ಸಂಖ್ಯೆ ಎಂದು ಓದಿ ಕೊನೆಯ ಸೊನ್ನೆ ತೆಗೆದುಹಾಕಿದೆ. ವರ್ಷನ್‌ಗಳನ್ನು ಯಾವಾಗಲೂ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಯಾಮಲ್‌ನಲ್ಲಿ ಸಾಲಿನ ಆರಂಭದ ಇಂಡೆಂಟ್‌ಗೆ ಟ್ಯಾಬ್ ನಡೆಯುವುದಿಲ್ಲ, ಸ್ಪೇಸ್ ಮಾತ್ರ. ಉಳಿದ ತಕರಾರುಗಳಲ್ಲಿ ಬಹುಪಾಲು ಅಲ್ಲಿಂದಲೇ.

ನನ್ನ ಕಂಪ್ಯೂಟರಿನಲ್ಲಿ ಪಾಸ್, ಸಿಐನಲ್ಲಿ ಫೇಲ್. ಎಲ್ಲಿ ಹುಡುಕಲಿ?

ಲಾಗ್‌ನ ಕೊನೆಯ ಸಾಲು ನೋಡಿ ನಿರ್ಧರಿಸಬೇಡಿ. ಕೊನೆಯಲ್ಲಿ ಕಾಣುವುದು ಸಾಮಾನ್ಯವಾಗಿ ‘ಎಕ್ಸಿಟ್ ಕೋಡ್ 1’ ಮಾತ್ರ. ಮೇಲಕ್ಕೆ ಹೋಗಿ ಮೊದಲ ದೋಷ ಹುಡುಕಿ, ಉಳಿದವು ಅದರ ಮರಿಗಳು.

ಪದೇ ಪದೇ ಕಾಣುವ ಕಾರಣಗಳಲ್ಲಿ ಮೊದಲನೆಯದು ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಈ ಭೇದ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಎರಡನೆಯದು, ನಿಮ್ಮ ಡಿಸ್ಕ್‌ನಲ್ಲಿದ್ದು ಗಿಟ್‌ಗೆ ಸೇರಿಸದ ಫೈಲ್. ರೆಪೊವನ್ನು ಬೇರೊಂದು ಫೋಲ್ಡರಿಗೆ ಹೊಸದಾಗಿ ಕ್ಲೋನ್ ಮಾಡಿ ಟೆಸ್ಟ್ ಓಡಿಸಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ. ಆಮೇಲೆ ಸಮಯ: ಗಿಟ್‌ಹಬ್‌ನ ಲಿನಕ್ಸ್ ರನ್ನರ್‌ಗಳು ಯುಟಿಸಿಯಲ್ಲಿರುತ್ತವೆ, ಹಾಗಾಗಿ ಸ್ಥಳೀಯ ಮಧ್ಯರಾತ್ರಿಯ ಆಸುಪಾಸಿನ ದಿನಾಂಕ ನೋಡುವ ಟೆಸ್ಟ್‌ಗಳು ಅಲ್ಲಿ ಸೋಲುತ್ತವೆ.

ಡಿಪೆಂಡೆನ್ಸಿಯದ್ದು ಬೇರೆ ಕತೆ. ನಿಮ್ಮಲ್ಲಿರುವುದು ಆರು ತಿಂಗಳ ಹಿಂದಿನ ಆವೃತ್ತಿ, ಸಿಐ ಇಂದಿನದನ್ನು ಇಳಿಸಿಕೊಳ್ಳುತ್ತದೆ. ಲಾಕ್ ಫೈಲ್ (ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂದು ಬರೆದಿಡುವ ಫೈಲ್) ಕಮಿಟ್ ಮಾಡಿ, ಅದನ್ನೇ ಪಾಲಿಸುವ ಕಮಾಂಡ್ ಬಳಸಿ. ನೋಡ್ ಪ್ರಾಜೆಕ್ಟಾದರೆ ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’. ಅದು ಲಾಕ್ ಫೈಲಿಗೂ ಪ್ಯಾಕೇಜ್ ಫೈಲಿಗೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ.

ಇನ್ನೊಂದು, ಬಹಳ ಜನರನ್ನು ಗಂಟೆಗಟ್ಟಲೆ ಕಾಡಿದ್ದು: ಕೋಡ್ ಇಳಿಸಲು ಬಳಸುವ ಚೆಕೌಟ್ ಆಕ್ಷನ್ (ಆಕ್ಷನ್ ಎಂದರೆ ಮೊದಲೇ ಬರೆದಿಟ್ಟ ಸಿದ್ಧ ಹೆಜ್ಜೆ) ಕೊನೆಯ ಒಂದು ಕಮಿಟ್ ಮಾತ್ರ ತರುತ್ತದೆ. ಗಿಟ್ ಟ್ಯಾಗ್ (ಕಮಿಟ್‌ಗೆ ಹಚ್ಚಿದ ಆವೃತ್ತಿಯ ಹೆಸರು) ನೋಡಿ ವರ್ಷನ್ ಲೆಕ್ಕ ಹಾಕುವ ಪ್ರಾಜೆಕ್ಟುಗಳು ಅಲ್ಲಿ ಎಡವುತ್ತವೆ. ‘ಫೆಚ್ ಡೆಪ್ತ್’ ಸೊನ್ನೆ ಎಂದು ಕೊಟ್ಟರೆ ಪೂರ್ತಿ ಇತಿಹಾಸ ಟ್ಯಾಗ್‌ಗಳ ಸಮೇತ ಬರುತ್ತದೆ.

ನಿನ್ನೆವರೆಗೆ ಸರಿಯಿತ್ತು, ಕೋಡ್ ಮುಟ್ಟಿಲ್ಲ, ಇಂದು ಕೆಂಪು. ಇದು ಹೇಗೆ?

‘ಉಬುಂಟು ಲೇಟೆಸ್ಟ್’ ಎಂದು ಬರೆದಿದ್ದೀರಾ? ಅದು ಕಾಲಕಾಲಕ್ಕೆ ಮುಂದಿನ ಆವೃತ್ತಿಗೆ ಜಾರುತ್ತದೆ, ಜೊತೆಗೆ ಮೊದಲೇ ಇನ್‌ಸ್ಟಾಲ್ ಆಗಿರುವ ಪ್ಯಾಕೇಜುಗಳೂ ಬದಲಾಗುತ್ತವೆ. ನಿರ್ದಿಷ್ಟ ಆವೃತ್ತಿ ಬರೆದರೆ ಈ ಆಘಾತವಿಲ್ಲ. ಆದರೆ ಆ ಆವೃತ್ತಿಗೂ ಆಯುಸ್ಸಿದೆ: 2025ರ ಏಪ್ರಿಲ್‌ನಲ್ಲಿ ಉಬುಂಟು 20.04 ರನ್ನರ್‌ಗಳನ್ನು ತೆಗೆದುಹಾಕಿದರು.

ಎಷ್ಟು ಆಪರೇಟಿಂಗ್ ಸಿಸ್ಟಂ, ಎಷ್ಟು ವರ್ಷನ್ ಮೇಲೆ ಓಡಿಸಲಿ?

ಮ್ಯಾಟ್ರಿಕ್ಸ್ ಎಂಬ ಸೌಲಭ್ಯದಿಂದ ಮೂರು ಸಿಸ್ಟಂ, ಐದು ವರ್ಷನ್ ಕೊಟ್ಟರೆ ಹದಿನೈದು ಜಾಬ್ ತಾನಾಗಿ ಹುಟ್ಟುತ್ತವೆ. ಒಂದು ಓಟಕ್ಕೆ 256 ಜಾಬ್‌ಗಳವರೆಗೂ ಬಿಡುತ್ತಾರೆ. ಉಚಿತ ಎಂದು ಎಲ್ಲವನ್ನೂ ಓಡಿಸಬೇಕಿಲ್ಲ. ನೀವು ಬೆಂಬಲಿಸುವ ಅತಿ ಹಳೆಯ ಮತ್ತು ಅತಿ ಹೊಸ ವರ್ಷನ್ ಲಿನಕ್ಸ್ ಮೇಲೆ, ವಿಂಡೋಸ್ ಮತ್ತು ಮ್ಯಾಕ್ ಮೇಲೆ ಒಂದೊಂದು. ನಡುವಿನ ವರ್ಷನ್‌ಗಳಲ್ಲಿ ಮಾತ್ರ ಒಡೆಯುವ ದೋಷಗಳು ಅಪರೂಪ. ‘ಫೇಲ್ ಫಾಸ್ಟ್’ ತಾನಾಗಿಯೇ ಆನ್ ಇರುತ್ತದೆ, ಒಂದು ಜಾಬ್ ಸೋತ ಕೂಡಲೇ ಉಳಿದವು ರದ್ದಾಗುತ್ತವೆ. ದೋಷ ವಿಂಡೋಸ್‌ನದ್ದೇ ಅಥವಾ ಎಲ್ಲ ಕಡೆ ಇದೆಯೇ ಎಂದು ತಿಳಿಯಬೇಕಾದರೆ ಅದನ್ನು ಆಫ್ ಮಾಡಿ.

ತುಂಬಾ ನಿಧಾನ. ಏನು ಮಾಡಲಿ?

ಡಿಪೆಂಡೆನ್ಸಿಗಳನ್ನು ಕ್ಯಾಶ್ ಮಾಡಿ, ಅಂದರೆ ಒಮ್ಮೆ ಇಳಿಸಿದ್ದನ್ನು ಮುಂದಿನ ಓಟಕ್ಕೆ ಉಳಿಸಿಕೊಳ್ಳಿ. ಪೈಥಾನ್, ನೋಡ್, ಜಾವಾ ಸೆಟಪ್ ಆಕ್ಷನ್‌ಗಳಲ್ಲೇ ಇದಕ್ಕೊಂದು ಸಾಲಿನ ಆಯ್ಕೆಯಿದೆ. ರೆಪೊ ಒಂದಕ್ಕೆ ಉಚಿತವಾಗಿ 10 ಜಿಬಿ, 7 ದಿನ ಯಾರೂ ಮುಟ್ಟದ ಕ್ಯಾಶ್ ಅಳಿಸಿಹೋಗುತ್ತದೆ. ಕ್ಯಾಶ್ ಕೀಯಲ್ಲಿ ಲಾಕ್ ಫೈಲಿನ ಹ್ಯಾಶ್ (ಫೈಲಿನ ವಿಷಯದಿಂದ ಲೆಕ್ಕಹಾಕಿದ ಗುರುತು) ಇರಲಿ.

ಇದರ ಜೊತೆಗೆ ‘ಕನ್‌ಕರೆನ್ಸಿ’ ಹಾಕಿದರೆ ಒಂದೇ ಪುಲ್ ರಿಕ್ವೆಸ್ಟ್‌ಗೆ ಹೊಸ ಪುಶ್ ಬಂದಾಗ ಹಳೆಯ ಓಟ ರದ್ದಾಗುತ್ತದೆ. ಉಚಿತ ಯಂತ್ರವಾದರೂ ಅದು ಸಾರ್ವಜನಿಕ ಸೊತ್ತಿನ ಹಾಗೆ, ಬೇಡದ ಓಟಕ್ಕೆ ಅದನ್ನು ಹಿಡಿದಿಡುವುದು ಸರಿಯಲ್ಲ.

ಫೋರ್ಕ್‌ನಿಂದ (ನಿಮ್ಮ ರೆಪೊದ ಬೇರೆಯವರ ನಕಲು) ಬಂದ ಪುಲ್ ರಿಕ್ವೆಸ್ಟ್‌ನಲ್ಲಿ ಸೀಕ್ರೆಟ್‌ಗಳು (ಸಿಐಗೆ ಕೊಟ್ಟ ಪಾಸ್‌ವರ್ಡ್, ಟೋಕನ್‌ಗಳು) ಖಾಲಿ ಬರುತ್ತಿವೆ. ಇದು ದೋಷವೇ?

ಅಲ್ಲ, ಅದು ನಿಮ್ಮ ರಕ್ಷಣೆಗೆ ಇರುವ ಗೋಡೆ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಪುಲ್ ರಿಕ್ವೆಸ್ಟ್ ಎಂದರೆ ಅಪರಿಚಿತರು ಬರೆದ ಕೋಡ್. ಟೆಸ್ಟ್ ಓಡಿಸುವುದೆಂದರೆ ಆ ಕೋಡ್‌ಗೆ ಯಂತ್ರದ ಕೀಲಿ ಕೊಡುವುದು. ಅದೇ ಯಂತ್ರದಲ್ಲಿ ನಿಮ್ಮ ಪ್ಯಾಕೇಜ್ ಬಿಡುಗಡೆಯ ಟೋಕನ್ ಇದ್ದರೆ, ಟೆಸ್ಟ್ ಫೈಲಿನಲ್ಲಿ ಎರಡು ಸಾಲು ಸೇರಿಸಿ ಅದನ್ನು ಹೊರಗೆ ಕಳಿಸಬಹುದು. ಅದಕ್ಕೇ ಫೋರ್ಕ್‌ನ ಪುಲ್ ರಿಕ್ವೆಸ್ಟ್‌ಗೆ ಸೀಕ್ರೆಟ್ ಸಿಗುವುದಿಲ್ಲ, ಟೋಕನ್‌ಗೂ ಓದುವ ಅನುಮತಿ ಮಾತ್ರ.

ಹುಡುಕಾಡಿದರೆ ‘ಪುಲ್ ರಿಕ್ವೆಸ್ಟ್ ಟಾರ್ಗೆಟ್’ ಎಂಬ ಇನ್ನೊಂದು ಟ್ರಿಗರ್ ಬಳಸಿ ಎಂಬ ಸಲಹೆ ಸಿಗುತ್ತದೆ, ಅದರಲ್ಲಿ ಸೀಕ್ರೆಟ್‌ಗಳು ಬರುತ್ತವೆ. ಅದು ಲೇಬಲ್ ಹಚ್ಚುವುದು, ಸ್ವಾಗತ ಕಮೆಂಟ್ ಹಾಕುವುದು ಇಂಥ ಕೆಲಸಗಳಿಗಿದೆ. ಅದರೊಳಗೆ ಪುಲ್ ರಿಕ್ವೆಸ್ಟ್‌ನ ಕೋಡನ್ನು ಚೆಕೌಟ್ ಮಾಡಿ ಓಡಿಸಿದಿರೋ, ಗೋಡೆಯನ್ನು ನೀವೇ ಒಡೆದಂತೆ. ಸೀಕ್ರೆಟ್ ಬೇಕಾದ ಟೆಸ್ಟ್‌ಗಳನ್ನು ಪ್ರತ್ಯೇಕಿಸಿ, ಮುಖ್ಯ ಬ್ರಾಂಚಿಗೆ ಮರ್ಜ್ ಆದ ಮೇಲೆ ಓಡಿಸಿ. ಪುಲ್ ರಿಕ್ವೆಸ್ಟ್‌ನಲ್ಲಿ ಅವು ಸ್ಕಿಪ್ ಆಗಲಿ.

ಕೋಡ್ ಮಾತ್ರವಲ್ಲ, ಶೀರ್ಷಿಕೆಯೂ ಅಪಾಯ. ಪುಲ್ ರಿಕ್ವೆಸ್ಟ್ ಶೀರ್ಷಿಕೆ ಅಥವಾ ಬ್ರಾಂಚ್ ಹೆಸರನ್ನು ಯಾಮಲ್‌ನ ಎಕ್ಸ್‌ಪ್ರೆಶನ್ ಮೂಲಕ ನೇರವಾಗಿ ಶೆಲ್ ಕಮಾಂಡಿನೊಳಗೆ ಸೇರಿಸಿದರೆ, ಯಾರಾದರೂ ಶೀರ್ಷಿಕೆಯಲ್ಲೇ ಕಮಾಂಡ್ ಬರೆದು ಕಳಿಸಬಹುದು. ಅದನ್ನು ಮೊದಲು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಹಾಕಿ, ಶೆಲ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ಬಳಸಿ.

ಬೇರೆಯವರು ಬರೆದ ಆಕ್ಷನ್ ಬಳಸಬಹುದೇ?

ಬಳಸಬಹುದು, ಆದರೆ ಟ್ಯಾಗ್ ಬದಲು ಕಮಿಟ್ ಹ್ಯಾಶ್‌ಗೆ ಪಿನ್ ಮಾಡಿ. ಟ್ಯಾಗ್ ಅನ್ನು ಯಾರು ಬೇಕಾದರೂ ಬೇರೆ ಕಮಿಟ್‌ಗೆ ಸರಿಸಲಾಗದಿದ್ದರೂ, ಆ ಆಕ್ಷನ್‌ನ ರೆಪೊಗೆ ನುಗ್ಗಿದವರು ಸರಿಸಬಲ್ಲರು. 2025ರ ಮಾರ್ಚ್‌ನಲ್ಲಿ ಆದದ್ದು ಅದೇ. ಬದಲಾದ ಫೈಲುಗಳ ಪಟ್ಟಿ ಕೊಡುವ, ಇಪ್ಪತ್ತು ಸಾವಿರಕ್ಕೂ ಹೆಚ್ಚು ರೆಪೊಗಳು ಬಳಸುತ್ತಿದ್ದ ಒಂದು ಆಕ್ಷನ್‌ನ ಹಳೆಯ ಟ್ಯಾಗ್‌ಗಳನ್ನೆಲ್ಲ ದುಷ್ಟ ಕಮಿಟ್‌ಗೆ ತಿರುಗಿಸಿದರು. ಅದು ರನ್ನರ್‌ನ ಮೆಮೊರಿಯಿಂದ ಸೀಕ್ರೆಟ್‌ಗಳನ್ನು ಎತ್ತಿ ಲಾಗ್‌ಗೆ ಸುರಿಯಿತು. ಪಬ್ಲಿಕ್ ರೆಪೊದ ಲಾಗ್ ಯಾರು ಬೇಕಾದರೂ ಓದಬಹುದು. ಪೂರ್ಣ ಹ್ಯಾಶ್‌ಗೆ ಪಿನ್ ಮಾಡಿದ್ದವರ ಮೇಲೆ ಹೊಡೆತ ಬೀಳಲಿಲ್ಲ. ಪಿನ್ ಮಾಡಿದ ಆಕ್ಷನ್‌ಗಳು ಹಳತಾಗದಂತೆ ಡಿಪೆಂಡಬಾಟ್ ಎಂಬ ಗಿಟ್‌ಹಬ್‌ನ ಸ್ವಯಂಚಾಲಿತ ಸಾಧನ ಅಪ್‌ಡೇಟ್ ಪುಲ್ ರಿಕ್ವೆಸ್ಟ್ ಕಳಿಸುತ್ತದೆ.

ನಾಲ್ಕು ಸಾಲಿನ ಶೆಲ್‌ನಲ್ಲಿ ಮುಗಿಯುವ ಕೆಲಸಕ್ಕೆ ಆಕ್ಷನ್ ಹುಡುಕಲೇಬೇಡಿ.

ನನ್ನ ಹಳೆಯ ಕಂಪ್ಯೂಟರನ್ನೇ ರನ್ನರ್ ಮಾಡಿದರೆ?

ಪಬ್ಲಿಕ್ ರೆಪೊಗೆ ಬೇಡವೇ ಬೇಡ. ಅಪರಿಚಿತರ ಕೋಡ್ ನಿಮ್ಮ ನೆಟ್‌ವರ್ಕಿನೊಳಗೆ ಓಡುತ್ತದೆ, ಕೆಲಸ ಮುಗಿದ ಮೇಲೆ ಅಳಿಸಿಹೋಗುವ ಯಂತ್ರವೂ ಅದಲ್ಲ. ಗಿಟ್‌ಹಬ್‌ನವರೇ ಇದನ್ನು ಮಾಡಬೇಡಿ ಎನ್ನುತ್ತಾರೆ.

ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್ ಇದೆ. ಮತ್ತೆ ಓಡಿಸಿದರೆ ಸಾಲದೇ?

ಸಾಲದು. ‘ಅದು ಹಾಗೇ, ಇನ್ನೊಮ್ಮೆ ಓಡಿಸಿ’ ಎಂದು ಹೊಸಬರಿಗೆ ಹೇಳಿದ ದಿನದಿಂದ ಕೆಂಪನ್ನು ಯಾರೂ ನಂಬುವುದಿಲ್ಲ, ನಿಜವಾದ ದೋಷವೂ ಅದರಲ್ಲೇ ತೇಲಿಹೋಗುತ್ತದೆ. ಆ ಟೆಸ್ಟನ್ನು ಆ ಕೂಡಲೇ ಬದಿಗಿಟ್ಟು, ಇಶ್ಯೂ ತೆರೆದು, ಬಿಡುವಾದಾಗ ಸರಿಪಡಿಸಿ. ಕಾರಣ ಸಾಮಾನ್ಯವಾಗಿ ನಿಗದಿತ ಸೆಕೆಂಡು ಕಾಯುವ ಸ್ಲೀಪ್, ನಿಜವಾದ ಇಂಟರ್ನೆಟ್ ಕರೆ, ಅಥವಾ ಒಂದು ಟೆಸ್ಟ್ ಬಿಟ್ಟುಹೋದ ಡೇಟಾ ಮೇಲೆ ಇನ್ನೊಂದು ನಿಂತಿರುವುದು. ಟೆಸ್ಟ್‌ಗಳ ಕ್ರಮ ಅದಲುಬದಲು ಮಾಡಿ ಓಡಿಸಿದರೆ ಕೊನೆಯದು ಬೇಗ ಬಯಲಾಗುತ್ತದೆ.

ಕೆಂಪಿದ್ದರೆ ಮರ್ಜ್ ಆಗದಂತೆ ತಡೆಯುವುದು ಹೇಗೆ?

ಮುಖ್ಯ ಬ್ರಾಂಚಿಗೆ ಪ್ರೊಟೆಕ್ಷನ್ ಹಾಕಿ, ಯಾವ ಚೆಕ್ ಪಾಸಾಗಲೇಬೇಕು ಎಂದು ಆರಿಸಿ. ಒಂದು ಬಲೆಯಿದೆ: ಡಾಕ್ಯುಮೆಂಟೇಶನ್ ಮಾತ್ರ ಬದಲಾದಾಗ ವರ್ಕ್‌ಫ್ಲೋ ಓಡುವುದು ಬೇಡ ಎಂದು ಪಾತ್ ಫಿಲ್ಟರ್ ಹಾಕಿದರೆ, ಕಡ್ಡಾಯವಾದ ಆ ಚೆಕ್ ‘ಪೆಂಡಿಂಗ್’ ಎಂದೇ ಉಳಿದು ಮರ್ಜ್ ಬಟನ್ ತೆರೆಯುವುದೇ ಇಲ್ಲ. ವರ್ಕ್‌ಫ್ಲೋ ಯಾವಾಗಲೂ ಓಡಲಿ, ಒಳಗಿನ ಜಾಬನ್ನು ಷರತ್ತಿನ ಮೇಲೆ ಸ್ಕಿಪ್ ಮಾಡಿ. ಸ್ಕಿಪ್ ಆದ ಜಾಬನ್ನು ಪಾಸ್ ಎಂದೇ ಎಣಿಸುತ್ತಾರೆ.

ದಿನಾ ರಾತ್ರಿ ಓಡಿಸಬಹುದೇ?

ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ಕ್ರಾನ್ ಶೆಡ್ಯೂಲ್ ಇದೆ, ಅತಿ ಚಿಕ್ಕ ಅಂತರ 5 ನಿಮಿಷ. ಗಂಟೆ ಸರಿಯಾಗಿ ತುಂಬುವ ಹೊತ್ತಿಗೆ ಎಲ್ಲರೂ ಇಡುವುದರಿಂದ ಆಗ ತಡವಾಗುತ್ತದೆ, 17ನೇ ನಿಮಿಷಕ್ಕೋ 43ನೇ ನಿಮಿಷಕ್ಕೋ ಇಡಿ. ನನ್ನ ಮಟ್ಟಿಗೆ ವಾರಕ್ಕೊಮ್ಮೆ ಸಾಕು, ಡಿಪೆಂಡೆನ್ಸಿ ಒಡೆದದ್ದು ಅಷ್ಟರಲ್ಲಿ ತಿಳಿಯುತ್ತದೆ. ಪಬ್ಲಿಕ್ ರೆಪೊದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಶೆಡ್ಯೂಲ್ ತಾನಾಗಿ ನಿಲ್ಲುತ್ತದೆ, ಮತ್ತೆ ಆನ್ ಮಾಡಬೇಕು.

ಬ್ಯಾಡ್ಜ್ ಹಾಕಲೇ?

ಹಾಕಿ. ಮುಖ್ಯ ಬ್ರಾಂಚಿನದ್ದು ಮಾತ್ರ.

ಬಿಡುಗಡೆಯನ್ನೂ ಸಿಐನಿಂದಲೇ ಮಾಡಬಹುದೇ?

ಮಾಡಬಹುದು, ಮಾಡುವುದೇ ಮೇಲು. ಲ್ಯಾಪ್‌ಟಾಪ್‌ನಿಂದ ಬಿಡುಗಡೆ ಮಾಡಿದರೆ ಕಮಿಟ್ ಆಗದ ಫೈಲೊಂದು ಪ್ಯಾಕೇಜಿಗೆ ಸೇರಿಹೋದರೂ ತಿಳಿಯುವುದಿಲ್ಲ. ಟೋಕನ್ ಇಡುವ ಭಯವೂ ಈಗ ಕಡಿಮೆ. ಪೈಥಾನ್‌ನ ಪ್ಯಾಕೇಜ್ ಭಂಡಾರವಾದ ಪೈಪಿಐ 2023ರ ಏಪ್ರಿಲ್‌ನಲ್ಲಿ ‘ಟ್ರಸ್ಟೆಡ್ ಪಬ್ಲಿಶಿಂಗ್’ ತಂದಿತು: ಇಂಥ ರೆಪೊದ ಇಂಥ ವರ್ಕ್‌ಫ್ಲೋ ಎಂದು ಮೊದಲೇ ನೋಂದಾಯಿಸಿದರೆ ಸಾಕು, ಬಿಡುಗಡೆಯ ಹೊತ್ತಿಗೆ ಅಲ್ಪಾಯುಷಿ ಟೋಕನ್ ಸಿಗುತ್ತದೆ. ಕದಿಯಲು ಶಾಶ್ವತ ಕೀಲಿಯೇ ಇರುವುದಿಲ್ಲ. ಬಿಡುಗಡೆಯ ವರ್ಕ್‌ಫ್ಲೋ ಬೇರೆ ಫೈಲಿನಲ್ಲಿರಲಿ, ಟ್ಯಾಗ್ ಹಾಕಿದಾಗ ಮಾತ್ರ ಓಡಲಿ.

ನಾಳೆ ಸೇವೆ ಬದಲಿಸಬೇಕಾಗಿ ಬಂದರೆ?

ಹೊಸ ಸೇವೆಯ ಫೈಲನ್ನು ಹಳೆಯದರ ಪಕ್ಕದಲ್ಲೇ ಸೇರಿಸಿ, ಒಂದೆರಡು ವಾರ ಎರಡನ್ನೂ ಓಡಿಸಿ. ಎರಡರ ಫಲಿತಾಂಶ ಬೇರೆಯಾದರೆ ಕಾರಣ ಹುಡುಕಿ, ಹಳೆಯ ಸೇವೆಯಲ್ಲಿ ಮೊದಲೇ ಇನ್‌ಸ್ಟಾಲ್ ಆಗಿದ್ದ ಯಾವುದೋ ಪ್ಯಾಕೇಜಿನ ಮೇಲೆ ನಿಮ್ಮ ಪ್ರಾಜೆಕ್ಟ್ ಗೊತ್ತಿಲ್ಲದೆ ನಿಂತಿರುತ್ತದೆ. ಅದನ್ನು ಸ್ಕ್ರಿಪ್ಟಿನಲ್ಲೇ ಇನ್‌ಸ್ಟಾಲ್ ಮಾಡಿಸಿ. ಆಮೇಲೆ ಕಡ್ಡಾಯ ಚೆಕ್‌ಗಳ ಪಟ್ಟಿಯಲ್ಲಿ ಹೆಸರು ಬದಲಿಸಿ, ಹಳೆಯ ಫೈಲ್ ಅಳಿಸಿ, ಹಳೆಯ ಸೇವೆಗೆ ಕೊಟ್ಟಿದ್ದ ಟೋಕನ್‌ಗಳನ್ನು ಒಂದೂ ಬಿಡದೆ ರದ್ದು ಮಾಡಿ. ಈ ಕೊನೆಯ ಕೆಲಸವನ್ನೇ ಹೆಚ್ಚಿನವರು ಮರೆಯುವುದು.